ಹೊರಗಿನ ಸದಸ್ಯೆ

ಆಂಟಾಪ್ ಹಿಲ್, ಮುಂಬೈ
8 ಜುಲೈ 2024

ಮಲ್ಲಕ್ಕನವರಿಗೆ ವೈಶಾಲಿಯ ನಮಸ್ಕಾರಗಳು.

ನಿನ್ನೆ ಫೋನ್ ಮಾಡಿದ್ದೆ. ನಿಮ್ಮ ರೊಟ್ಟಿ ಕೇಂದ್ರದ ಗದ್ದಲದಲ್ಲಿ ನಾನು ಹೇಳಿದ್ದು ನಿಮಗೆ ಕೇಳಲಿಲ್ಲ. "ಯಾವ ವೈಶಾಲಿ? ಎಷ್ಟ ಡಜನ್ ಬೇಕವಾ?" ಎಂದು ಮೂರು ಸಲ ಕೇಳಿದಿರಿ. ಅದಕ್ಕೇ ಈ ಕಾಗದ. ನಾನು ಮೂರನೇ ಬಿಲ್ಡಿಂಗಿನ ಶಿವಪುತ್ರಪ್ಪನವರ ಮಗಳು. ನೀವು ಇಲ್ಲಿದ್ದಾಗ ಮಹಿಳಾ ಮಂಡಳದ ಕೋಣೆಯಲ್ಲಿ ಭಾನುವಾರ ಭಾನುವಾರ ನಿಮ್ಮಿಂದ ಕನ್ನಡ ಅಕ್ಷರ ಕಲಿತವಳು.

ಈಗ ನಾನು ಔಷಧಿ ಹಂಚುವ ಒಂದು ಕಂಪನಿಯಲ್ಲಿ ಎಚ್.ಆರ್. ಮ್ಯಾನೇಜರ್. ಗೋಡೌನ್ ದಾದರಿನಲ್ಲಿ, ಆಫೀಸು ಬಾಂದ್ರಾದಲ್ಲಿ. ನಿಮ್ಮಿಂದ ಒಂದು ಉಪಕಾರ ಆಗಬೇಕು. ಹತ್ತು ಜನ, ಅದಕ್ಕಿಂತ ಹೆಚ್ಚು ಜನ ಕೆಲಸ ಮಾಡುವ ಎಲ್ಲ ಕಡೆಯೂ ಹೆಣ್ಣುಮಕ್ಕಳಿಗೆ ಆಗುವ ಲೈಂಗಿಕ ಕಿರುಕುಳದ ದೂರು ಕೇಳಲು ಸಮಿತಿ ಇರಬೇಕು ಎಂದು ಕಾನೂನಿದೆ. ಅದರಲ್ಲಿ ಒಬ್ಬರು ಕಂಪನಿಯ ಹೊರಗಿನವರಾಗಿರಬೇಕು, ಹೆಂಗಸರಿಗಾಗಿ ದುಡಿದವರಾಗಿರಬೇಕು. ನಮ್ಮ ಹೊರಗಿನ ಸದಸ್ಯೆ ಮಗನ ಮನೆಗೆ ದುಬೈಗೆ ಹೋದರು. ನಾನು ನಿಮ್ಮ ಹೆಸರು ಕೊಟ್ಟಿದ್ದೇನೆ.

ಕೆಲಸ ಏನೂ ಇಲ್ಲ. ಮೂರು ತಿಂಗಳಿಗೊಮ್ಮೆ ಸಭೆ ಆಯಿತೆಂದು ಕಾಗದ ಆಗುತ್ತದೆ. ಕೊರಿಯರ್ ಮಾಡುತ್ತೇನೆ. ಹಳದಿ ಚೀಟಿ ಅಂಟಿಸಿದ ಕಡೆ ಸಹಿ ಹಾಕಿ ಕಳಿಸಿದರೆ ಸಾಕು, ಬರುವುದು ಬೇಡ. ದೂರು ಎಂಬುದು ನಮ್ಮಲ್ಲಿ ಇವತ್ತಿನವರೆಗೆ ಒಂದೂ ಬಂದಿಲ್ಲ.

ನಿಮ್ಮ ವೈಶಾಲಿ

*

ವಿಜಯಪುರ
19 ಜುಲೈ 2024

ಚಿರಂಜೀವಿ ವೈಶಾಲಿಗೆ ಮಲ್ಲಕ್ಕನ ಆಶೀರ್ವಾದ.

ಶಿವಪುತ್ರಪ್ಪನ ಮಗಳು ಎಂದು ಮೊದಲೇ ಅಂದಿದ್ದರೆ ಡಜನ್ ಲೆಕ್ಕ ಕೇಳುತ್ತಿರಲಿಲ್ಲ. ‘ಳ’ ಬರೆ ಎಂದರೆ ಅತ್ತು, ಫ್ರಾಕಿಗೆ ಮೂಗು ಒರೆಸಿಕೊಳ್ಳುತ್ತಿದ್ದ ಹುಡುಗಿ ಈಗ ಬಾಂದ್ರಾದಲ್ಲಿ ಮ್ಯಾನೇಜರ್! ಇಲ್ಲಿ ಹನ್ನೆರಡು ಹೆಂಗಸರು ರೊಟ್ಟಿ ಬಡಿಯುವಾಗ ನನ್ನ ಎಡಗಿವಿ ಇದ್ದೂ ಇಲ್ಲದ ಹಾಗೆ. ಕಾಗದವೇ ಒಳ್ಳೆಯದು.

ದೂರು ಕೇಳುವ ಸಮಿತಿ ಎಂದು ಓದಿದಾಗ ನನಗೆ ತೊಂಬತ್ತೇಳನೇ ಇಸವಿಯ ರೇಶನ್ ಅಂಗಡಿ ನೆನಪಾಯಿತು. ಆ ಅಂಗಡಿಯವನು ಸೀಮೆಎಣ್ಣೆ ಅಳೆಯುವಾಗ ಕ್ಯಾನು ಹಿಡಿದವರ ಕೈಯನ್ನೂ ಹಿಡಿಯುತ್ತಿದ್ದ. ಹೊಸದಾಗಿ ಮದುವೆಯಾಗಿ ಬಂದ ಹುಡುಗಿಯರು ಮನೆಗೆ ಬಂದು ಸೋಪು ಹಚ್ಚಿ ಕೈ ತೊಳೆದುಕೊಳ್ಳುತ್ತಿದ್ದರೇ ಹೊರತು ಬಾಯಿ ಬಿಡುತ್ತಿರಲಿಲ್ಲ. ಒಂದು ದಿನ ಬ್ಲೌಸ್ ಹೊಲಿಯುವ ದೌಲತಬಿ ಖಾಲಿ ಕ್ಯಾನು ತಂದು ಮಂಡಳದ ಕೋಣೆಯ ನಡುವೆ ಇಟ್ಟು, "ಮಲ್ಲಕ್ಕಾ, ಇನ್ನ ನಾ ಎಣ್ಣಿಗೆ ಹೋಗಾಂಗಿಲ್ಲ. ಮನಿಯಾಗ ಕತ್ತಲಾದ್ರ ಆಗಲಿ" ಎಂದಳು. ಮರುದಿನ ನಾವು ಹದಿನೇಳು ಹೆಂಗಸರು ಒಲೆ, ಹಂಚು, ಹಿಟ್ಟು ಹೊತ್ತುಕೊಂಡು ಹೋಗಿ ಅವನ ಅಂಗಡಿಯ ಬಾಗಿಲಲ್ಲೇ ಕೂತು ರೊಟ್ಟಿ ಬಡಿದೆವು. ಗಿರಾಕಿ ಒಳಗೆ ಹೋಗುವ ಹಾಗಿಲ್ಲ, ಅವನು ಹೊರಗೆ ಬರುವ ಹಾಗಿಲ್ಲ. ಹೊಗೆಗೆ ಅವನ ಕಣ್ಣು ಕೆಂಪಾಗಿ, "ಬಾಯೀ, ಚುಕಲಂ ಮಾಝಂ" ಎಂದು ತಪ್ಪೊಪ್ಪಿಕೊಂಡು ಕೈ ಮುಗಿದ. ದೌಲತಬಿ ಸುಡುವ ರೊಟ್ಟಿಯನ್ನು ಆ ಮುಗಿದ ಕೈಯ ಮೇಲೇ ಇಟ್ಟು, "ಪಕಡೋ ಭಾಯಿ, ಹಾತ್ ಪಕಡ್ನೇ ಕಾ ಶೌಕ್ ಹೈ ನಾ ತುಮ್ಕೋ" ಎಂದು, ಕೈ ಹಿಡಿಯುವ ಅವನ ಚಟವನ್ನೇ ಎತ್ತಿ ಹಂಗಿಸಿದಳು. ಮೂರನೇ ದಿನ ಅಂಗಡಿಗೆ ಬೇರೆಯವನು ಬಂದ.

ಹಾಗಾಗಿ ನನಗೆ ಒಪ್ಪಿಗೆ. ಕಾಗದಪತ್ರ ನೋಡಿಕೊಳ್ಳುವುದು ನನಗೇನು ಹೊಸದಲ್ಲ.

ಮಲ್ಲಕ್ಕ

*

ಬಾಂದ್ರಾ
21 ಅಕ್ಟೋಬರ್ 2024

ಪ್ರೀತಿಯ ಮಲ್ಲಕ್ಕನವರಿಗೆ,

ನೀವು ಸಹಿ ಮಾಡಿದ ಕಾಗದ ಬಂತು. ನಮ್ಮ ಸಮಿತಿಯ ಅಧ್ಯಕ್ಷೆ ಶೀತಲ ಮೇಡಂ ನಿಮ್ಮ ಕನ್ನಡ ಸಹಿ ನೋಡಿ, "ಅರೆ ಕ್ಯಾ ಸೈನ್ ಹೈ ಯಾರ್, ಪೂರಾ ಜಿಲೇಬಿ!" ಎಂದರು. ಸಂತೋಷದ ಸುದ್ದಿ ಏನೆಂದರೆ, ಹೆಣ್ಣುಮಕ್ಕಳಿಗೆ ಒಳ್ಳೆಯ ಕಚೇರಿ ಎಂದು ವ್ಯಾಪಾರಿಗಳ ಒಂದು ಸಂಘ ನಮ್ಮ ಕಂಪನಿಗೆ ಫಲಕ ಕೊಟ್ಟಿದೆ. ಅರ್ಜಿ ಬರೆದವಳು ನಾನು. ಸಮಿತಿಯ ಪುಟದಲ್ಲಿ ನಿಮ್ಮ ರೇಶನ್ ಅಂಗಡಿಯ ಕಥೆಯನ್ನೂ ಸೇರಿಸಿದ್ದೆ.

ದೀಪಾವಳಿಗೆ ಎಲ್ಲರಿಗೂ ನಿಮ್ಮ ಖಡಕ್ ರೊಟ್ಟಿ, ಶೇಂಗಾ ಚಟ್ನಿ ಕೊಡೋಣ ಎಂದು ಮಾಲೀಕರನ್ನು ಒಪ್ಪಿಸಿದ್ದೇನೆ. ಮುನ್ನೂರು ಪೊಟ್ಟಣ ಕಳಿಸಿ.

ವೈಶಾಲಿ

*

ವಿಜಯಪುರ
12 ನವೆಂಬರ್ 2024

ವೈಶೂ,

ಮುನ್ನೂರು ಪೊಟ್ಟಣ ಎಂದಾಗ ನಮ್ಮವರು ಕುಣಿದಾಡಿದರು. ಈ ಸಲದ ಕಾಗದಕ್ಕೂ ಸಹಿ ಮಾಡಿದ್ದೇನೆ. ನಾನು ಸಹಿ ಹಾಕುವುದನ್ನು ನಮ್ಮ ಶರಣವ್ವ ನೋಡಿ, "ಏನ್ರೀ ಅಕ್ಕಾರ, ಮುಂಬೈದಾಗ ಕುಂತು ಸಭಾ ಮಾಡ್ತೀರಿ, ಅದ ಹೊತ್ತಿಗೆ ಇಲ್ಲಿ ಕುಂತು ಹಿಟ್ಟ ನಾದ್ತೀರಿ. ಎರಡ ಮೈ ಅದಾವೇನ್ರೀ ನಿಮಗ?" ಎಂದಳು. ಎಲ್ಲರೂ ನಕ್ಕರು. ನಾನೂ ನಕ್ಕೆ.

ಮಲ್ಲಕ್ಕ

*

ಬಾಂದ್ರಾ
16 ಆಗಸ್ಟ್ 2025

ಮಲ್ಲಕ್ಕನವರಿಗೆ,

ಈ ಸಲ ಕಡತ ದಪ್ಪ ಇದೆ. ಹದಿನಾಲ್ಕು ಕಡೆ ಹಳದಿ ಚೀಟಿ ಹಚ್ಚಿದ್ದೇನೆ. ತಾರೀಖು ನೀವು ಹಾಕಬೇಡಿ, ಆಗಲೇ ಹಾಕಿದೆ. ಸಿಕ್ಕ ದಿನವೇ ಸಹಿ ಮಾಡಿ ತಿರುಗಿ ಕಳಿಸಿ. ತುಂಬ ಅವಸರ.

ವೈಶಾಲಿ

*

ವಿಜಯಪುರ
21 ಆಗಸ್ಟ್ 2025

ವೈಶೂ,

ಹದಿನಾಲ್ಕೂ ಕಡೆ ಹಾಕಿದ್ದೇನೆ. ಒಂದು ಕಡೆ ಹಿಟ್ಟಿನ ಬೆರಳು ಮೂಡಿದೆ, ಒರೆಸಿಕೋ. ನಿನ್ನ ಕಾಗದ ಯಾಕೋ ಸಪ್ಪಗಿದೆ. ಮೈ ಹುಷಾರಿದೆ ತಾನೇ?

ಮಲ್ಲಕ್ಕ

*

ವಿಜಯಪುರ
18 ಸೆಪ್ಟೆಂಬರ್ 2025

ವೈಶಾಲಿಗೆ,

ಮೂರು ಸಲ ಫೋನ್ ಮಾಡಿಸಿದೆ, ನೀನು ಎತ್ತಲಿಲ್ಲ. ಸುಮ್ಮನೆ ಒಂದು ಮಾತು ಕೇಳಬೇಕಿತ್ತು. ಹೋದ ತಿಂಗಳು ಕಳಿಸಿದೆಯಲ್ಲ, ಆ ದಪ್ಪ ಕಡತ, ಅದರಲ್ಲಿ ಏನಿತ್ತು? ಯಾರಾದರೂ ಹುಡುಗಿ ದೂರು ಕೊಟ್ಟಿದ್ದಳೇ? ಕೊಟ್ಟಿದ್ದರೆ ಈಗ ಅವಳು ಎಲ್ಲಿದ್ದಾಳೆ? ಆ ಸಭೆಯಲ್ಲಿ ನಾನು ಏನಾದರೂ ಮಾತಾಡಿದೆನೇ?

ಮಲ್ಲಕ್ಕ

*

ಬಾಂದ್ರಾ
25 ಸೆಪ್ಟೆಂಬರ್ 2025

ಗೌರವಾನ್ವಿತ ಮಲ್ಲಕ್ಕನವರಿಗೆ,

ಕೆಲಸದ ಒತ್ತಡದಲ್ಲಿ ಫೋನ್ ಎತ್ತಲಾಗಲಿಲ್ಲ, ಕ್ಷಮಿಸಿ. ಅದೊಂದು ಸಣ್ಣ ತಪ್ಪು ತಿಳಿವಳಿಕೆ. ಮಾರಾಟ ವಿಭಾಗದ ಹುಡುಗಿಯೊಬ್ಬಳು ಹಿರಿಯ ಅಧಿಕಾರಿಯ ಮೇಲೆ ದೂರು ಕೊಟ್ಟಿದ್ದಳು. ವಿಚಾರಣೆ ನಿಯಮದ ಪ್ರಕಾರ ಆಯಿತು. ಆಧಾರ ಸಿಗಲಿಲ್ಲ. ಹುಡುಗಿ ತಾನಾಗಿಯೇ ಕೆಲಸ ಬಿಟ್ಟಳು. ಬೇರೆ ಕಡೆ ಒಳ್ಳೆಯ ಕೆಲಸ ಸಿಕ್ಕಿದೆ ಎಂದು ಕೇಳಿದೆ. ನೀವು ಮಾತಾಡಿದ್ದು ಅಂಥದ್ದೇನಿಲ್ಲ, ವಾಡಿಕೆಯ ಒಂದೆರಡು ಪ್ರಶ್ನೆ. ಇವೆಲ್ಲ ಗುಟ್ಟಾಗಿ ಇಡಬೇಕಾದ ವಿಷಯ, ಯಾರೊಂದಿಗೂ ಆಡಬಾರದೆಂದು ಕಾನೂನೇ ಹೇಳುತ್ತದೆ.

ಈ ದೀಪಾವಳಿಗೆ ಐದುನೂರು ಪೊಟ್ಟಣ ಬೇಕು. ಮಾಲೀಕರು ನಿಮ್ಮ ಹೆಸರು ಹಿಡಿದೇ ಕೇಳಿದರು.

ವೈಶಾಲಿ

*

ವಿಜಯಪುರ
1 ಅಕ್ಟೋಬರ್ 2025

ವೈಶಾಲಿ,

ನೀನು ನಿಜ ಹೇಳುತ್ತೀಯೋ ಇಲ್ಲವೋ ನೋಡಬೇಕೆಂದೇ ಹಾಗೆ ಕೇಳಿದ್ದೆ. ಕಾಗದ ಬರೆಯುವ ನಾಲ್ಕು ದಿನ ಮೊದಲೇ ನನಗೆ ಎಲ್ಲ ಗೊತ್ತಿತ್ತು. ಹೇಗೆ ಎಂದು ಹೇಳುತ್ತೇನೆ, ಕೂತು ಓದು.

ಹೋದ ತಿಂಗಳು ಹದಿನಾಲ್ಕರಂದು, ಭಾನುವಾರ ಬೆಳಿಗ್ಗೆ, ಕೇಂದ್ರದ ಬಾಗಿಲಲ್ಲಿ ಆಟೊ ನಿಂತಿತು. ಇಳಿದವಳು ದೌಲತಬಿ. ಇಪ್ಪತ್ತು ವರ್ಷದ ಮೇಲೆ ನೋಡುತ್ತಿದ್ದೇನೆ. ಹಿಟ್ಟಿನ ಕೈಯಲ್ಲೇ ಎದ್ದು ಹೋಗಿ, "ಯವ್ವಾ, ಎಷ್ಟ ಬೆಳ್ಳಗಾಗಿ ದೌಲತಾ!" ಎಂದೆ. ಅವಳು ನಗಲಿಲ್ಲ. "ಚಾ ಮಾಡಸ್ತೀನಿ, ಬಾ" ಎಂದೆ. "ಚಾ ನಕ್ಕೋ. ಪೈಲೆ ಇದನ್ನ ನೋಡು. ಇದು ನಿಂದೇ ಸಹಿ ಹೌದಿಲ್ಲೋ ಹೇಳು" ಎಂದು ಚೀಲದಿಂದ ಒಂದು ಕಡತ ತೆಗೆದಳು. ಹಳದಿ ಚೀಟಿಗಳು ಇರಲಿಲ್ಲ, ಹಿಟ್ಟಿನ ಬೆರಳು ಮಾತ್ರ ಇತ್ತು.

ಅವಳ ಹಿಂದೆ ಮಗಳು ನಿಂತಿದ್ದಳು. ನಿಖತ. ನಿಮ್ಮ ಆ ‘ಮಾರಾಟ ವಿಭಾಗದ ಹುಡುಗಿ’. ನಾನು ಆಂಟಾಪ್ ಹಿಲ್ ಬಿಡುವಾಗ ಹೊಲಿಗೆ ಮಷೀನಿನ ಕೆಳಗೆ ಕೂತು ಬಟ್ಟೆ ಚೂರು ಆರಿಸುತ್ತಿದ್ದ ಕೂಸು. ಮುಂಬೈಯಲ್ಲೇ ಬೆಳೆದವಳು, ಕನ್ನಡ ತಡವರಿಸುತ್ತಾಳೆ. ಆದರೆ ಕೇಳಿದ್ದು ತಡವರಿಸದೆ ಕೇಳಿದಳು.

"ಅಕ್ಕಾ, ಒಂದೇ ಮಾತು ಕೇಳ್ಬೇಕು. ನೀವು ಯಾವ ಚೇರ್ ಮೇಲೆ ಕೂತಿದ್ರಿ?"

ನಾನು ಕಡತ ತೆಗೆದುಕೊಂಡು ಹಾಳೆ ತಿರುವಿದೆ.

"ಮೂರು ದಿನ ನಾನು ಆ ರೂಮಲ್ಲಿ ಕೂತೆ. ನಾಕು ಚೇರ್ ಇತ್ತು. ಒಂದ್ರಲ್ಲಿ ಶೀತಲ ಮ್ಯಾಡಮ್, ಒಂದ್ರಲ್ಲಿ ವೈಶಾಲಿ ಮ್ಯಾಡಮ್, ಒಂದ್ರಲ್ಲಿ ಅಕೌಂಟ್ಸಿನ ಸೌಮ್ಯಾ ಮ್ಯಾಡಮ್. ನಾಕನೇ ಚೇರ್ ಮೇಲೆ ಶೀತಲ ಮ್ಯಾಡಮ್ ಪರ್ಸ್ ಇತ್ತು. ಇದ್ರಲ್ಲಿ ಬರೆದಾರೆ, ನೀವು ನನಗೆ ಏಳು ಸವಾಲ್ ಕೇಳಿದ್ರಿ, ಒಂದಕ್ಕೂ ನಾನು ಬರೋಬರ್ ಜವಾಬ್ ಕೊಡ್ಲಿಲ್ಲ ಅಂತ. ಯಾರು ಕೇಳಿದ್ರು ಅಕ್ಕಾ? ಪರ್ಸ್ ಕೇಳ್ತಾ?"

ವೈಶಾಲಿ, ಹನ್ನೆರಡು ಹೆಂಗಸರ ಕೈ ನಿಂತುಹೋದವು. ಹಂಚಿನ ಮೇಲೆ ರೊಟ್ಟಿ ಕರಿಯಾದವು. ಯಾರೂ ತೆಗೆಯಲಿಲ್ಲ.

ನಾನು ಯಾರಿಗೂ ಹೇಳದ ಮಾತೊಂದಿದೆ. ನನಗೆ ಇಂಗ್ಲಿಷ್ ಓದಲು ಬಾರದು. ಬಸ್ಸಿನ ಬೋರ್ಡು, ಔಷಧಿಯ ಚೀಟಿ ಹೇಗೋ ಆಗುತ್ತದೆ. ಅದಕ್ಕಿಂತ ಮುಂದೆ ಇಲ್ಲ. ಆ ಹುಡುಗಿಯೇ ನನ್ನ ಪಕ್ಕ ಕೂತು, ನಾನು ಸಹಿ ಮಾಡಿದ್ದನ್ನು ನನಗೆ ಸಾಲು ಸಾಲಾಗಿ ಕನ್ನಡದಲ್ಲಿ ಓದಿ ಹೇಳಿದಳು. ತನ್ನ ಮೇಲೆ ಬರೆದದ್ದನ್ನು ತಾನೇ. ಏಪ್ರಿಲ್ ಹನ್ನೊಂದರಂದು ನಿಮ್ಮ ಆ ಹಿರಿಯ ಅಧಿಕಾರಿ, ಸಚಿನ ಎಂಬವನು, ಕಂಪನಿಯ ಕಾರಿನಲ್ಲಿ ದಾದರಿನಿಂದ ಬಾಂದ್ರಾಕ್ಕೆ ಹೋಗುವ ದಾರಿಯುದ್ದಕ್ಕೂ ಅವಳ ಮೈಮೇಲೆ ಕೈ ಹಾಕಿದ್ದು. ಅವಳು ಮೇ ತಿಂಗಳಲ್ಲಿ ದೂರು ಬರೆದದ್ದು. ಆಮೇಲೆ ನನ್ನ ಏಳು ಪ್ರಶ್ನೆ. ನಾಲ್ಕನೆಯದು ಓದುವಾಗ ಅವಳು ನಿಲ್ಲಿಸಿದಳು. ‘ಡ್ರೈವರಿನ ಪಕ್ಕದ ಸೀಟು ಖಾಲಿ ಇದ್ದರೂ ನೀನು ಹಿಂದಿನ ಸೀಟಿನಲ್ಲೇ ಏಕೆ ಕೂತೆ?’

ಇದು ನನ್ನ ಬಾಯಿಂದ ಬಂತು ಎಂದು ಬರೆದಿದ್ದೀಯ! ನನ್ನ ಬಾಯಿಂದ! ರೇಶನ್ ಅಂಗಡಿಯ ಬಾಗಿಲಿಗೆ ಒಲೆ ಹೊತ್ತುಕೊಂಡು ಹೋದವಳು ಆ ಹುಡುಗಿಯನ್ನು ಇಂಥ ಮಾತು ಕೇಳುತ್ತೇನೆಯೇ?

ಕೊನೆಯಲ್ಲಿ, ದೂರು ಬೇಕೆಂದೇ ಕೊಟ್ಟ ಸುಳ್ಳು, ಇವಳ ಮೇಲೆ ಕ್ರಮ ಆಗಲಿ ಎಂದಿದೆ. ‘ತಾನಾಗಿಯೇ ಕೆಲಸ ಬಿಟ್ಟಳು’ ಎಂದು ಬರೆದೆಯಲ್ಲ, ಸೆಪ್ಟೆಂಬರ್ ಒಂದರಂದು ತೆಗೆದುಹಾಕಿದ ಪತ್ರ ನನ್ನ ಕೈಯಲ್ಲಿದೆ. ಕೆಳಗೆ ನಿನ್ನ ಸಹಿ. ಒಳ್ಳೆಯ ಕೆಲಸ ಸಿಕ್ಕಿತೇ? ಎರಡು ಕಡೆ ಕೇಳಲು ಹೋದಳು. ಎರಡೂ ಕಡೆಯವರು ನಿಮ್ಮ ಆಫೀಸಿಗೆ ಫೋನ್ ಮಾಡಿದರು. ಆಮೇಲೆ ಬಾಗಿಲು ಹಾಕಿದರು.

ಹೊರಡುವಾಗ ದೌಲತಬಿ, "ನಿನ್ನ ಹೆಸರ ನೋಡಿ ನಾ ಖುಷಿ ಆಗಿದ್ದೆ ಮಲ್ಲಕ್ಕಾ. ಬೇಟಿಗೆ ಹೇಳಿದ್ದೆ, ಆಕಿ ಕಮಿಟಿಯಾಗ ಅದಾಳ ಅಂದ್ರ ಅಂಜಬ್ಯಾಡ ಅಂತ" ಎಂದಳು. ಅಷ್ಟೇ ಅಂದು ಆಟೊ ಹತ್ತಿದಳು.

ಮೇಲಿನ ಪ್ರಾಧಿಕಾರದ ಮುಂದೆ ಅಪೀಲು ಹೋಗಲು ತೊಂಬತ್ತು ದಿನ ಮಾತ್ರ ಇದೆಯಂತೆ. ವರದಿಯ ಮೇಲೆ ಆಗಸ್ಟ್ ಹನ್ನೆರಡು ಎಂದು ನೀನು ಹಾಕಿದ್ದೀಯ. ಅದು ನನ್ನ ಕೈಗೆ ಬಂದಿದ್ದೇ ಇಪ್ಪತ್ತರಂದು. ಹಾಗೆ ನೋಡಿದರೆ ನವೆಂಬರ್ ಹತ್ತಕ್ಕೆ ಬಾಗಿಲು ಮುಚ್ಚುತ್ತದೆ. ಅದರೊಳಗೆ ಅಪೀಲು ಹೋಗಬೇಕು, ಈ ವರದಿ ಬೀಳಬೇಕು. ನೀನು ಏನು ಮಾಡುತ್ತೀಯ, ಬರೆ.

ಮಲ್ಲಕ್ಕ

*

ಆಂಟಾಪ್ ಹಿಲ್
9 ಅಕ್ಟೋಬರ್ 2025

ಮಲ್ಲಕ್ಕನವರೇ,

ನಿಮ್ಮ ಕಾಗದ ಓದಿದೆ. ನನಗೂ ಸಿಟ್ಟು ಬರುತ್ತದೆ.

ನಿಮಗೆ ಇಂಗ್ಲಿಷ್ ಬಾರದು ಎಂಬುದನ್ನು ದೊಡ್ಡ ಗುಟ್ಟಿನ ಹಾಗೆ ಬರೆದಿದ್ದೀರಿ. ನನಗೆ ಗೊತ್ತಿತ್ತು. ಸಣ್ಣವಳಿದ್ದಾಗ ಮಂಡಳಕ್ಕೆ ಬರುತ್ತಿದ್ದ ಇಂಗ್ಲಿಷ್ ನೋಟೀಸುಗಳನ್ನು ನಿಮಗೆ ಓದಿ ಹೇಳುತ್ತಿದ್ದದ್ದು ನಾನೇ ಅಲ್ಲವೇ? ಗೊತ್ತಿದ್ದೇ ನಿಮ್ಮನ್ನು ಆರಿಸಿದೆ. ಓದುವವರು, ಕೇಳುವವರು, ಪ್ರತಿ ಸಭೆಗೂ ಬಂದು ಕೂರುವವರು ಮುಂಬೈಯಲ್ಲಿ ಬೇಕಾದಷ್ಟು ವಕೀಲರಿದ್ದಾರೆ. ಮಾಲೀಕರಿಗೆ ಅಂಥವರು ಬೇಡವಾಗಿತ್ತು. ಆದರೆ ಹೊಸದಾಗಿ ಮೋಸ ಹೋದವರ ಹಾಗೆ ಮಾತಾಡಬೇಡಿ. ನಾಲ್ಕು ಸಲ ಆಗದ ಸಭೆಗೆ ಸಹಿ ಹಾಕುವಾಗ ನಿಮಗೆ ಗೊತ್ತಿರಲಿಲ್ಲವೇ? ರೊಟ್ಟಿಯ ಪೊಟ್ಟಣ ಬಂದಾಗ ಕುಣಿದಾಡಿದವರು ಯಾರು?

ಸಚಿನ ಕಂಪನಿಗೆ ಅರ್ಧ ವ್ಯಾಪಾರ ತರುವ ಮನುಷ್ಯ. ಮಾಲೀಕರು ನನ್ನನ್ನು ಕರೆದು, "ವೈಶಾಲಿ, ರಿಪೋರ್ಟ್ ಬರೋಬರ್ ಆನಾ ಚಾಹಿಯೆ" ಎಂದರು. ಅಷ್ಟೇ. ಬೈಯಲಿಲ್ಲ, ಹೆದರಿಸಲಿಲ್ಲ. ಹನ್ನೊಂದು ವರ್ಷದಲ್ಲಿ ‘ಬರೋಬರ್’ ಎಂದರೆ ಏನೆಂದು ಕಲಿತಿದ್ದೇನೆ. ಆ ನಾಲ್ಕನೇ ಪ್ರಶ್ನೆ ಕೇಳಿದ್ದು ಶೀತಲ ಮೇಡಂ. ಅಂಥ ಪ್ರಶ್ನೆ ಹೊರಗಿನವರ ಬಾಯಿಂದ ಬಂದರೆ ಕಂಪನಿಗೆ ಕೆಟ್ಟ ಹೆಸರು ಬರುವುದಿಲ್ಲ. ಅದಕ್ಕೇ ನಿಮ್ಮ ಹೆಸರಿನ ಮುಂದೆ ಹೋಯಿತು.

ಸಮಿತಿಯಲ್ಲಿ ಅಧ್ಯಕ್ಷೆಯೂ ಸೇರಿ ಮೂವರು ಕೂತರೆ ವಿಚಾರಣೆಗೆ ಸಾಕು. ಆದ್ದರಿಂದ ನೀವು ಬಂದಿರಲಿಲ್ಲ ಎಂದ ಮಾತ್ರಕ್ಕೆ ವರದಿ ಬೀಳುವುದಿಲ್ಲ. ಬೀಳುವವರು ನೀವು. ಹದಿನಾಲ್ಕು ಕಡೆ ನಿಮ್ಮ ಸಹಿ ಇದೆ. ಸುಳ್ಳು ದಾಖಲೆಗೆ ಸಹಿ ಹಾಕಿದ್ದೇನೆ ಎಂದು ನೀವೇ ಬರೆದುಕೊಟ್ಟರೆ ನಿಮ್ಮನ್ನು ಯಾರು ಕಾಯುತ್ತಾರೆ? ದಯವಿಟ್ಟು ಸುಮ್ಮನಿರಿ.

ಈ ವರ್ಷದ ರೊಟ್ಟಿಯ ಆರ್ಡರು ರದ್ದಾಗಿದೆ.

ವೈಶಾಲಿ

*

ವಿಜಯಪುರ
15 ಅಕ್ಟೋಬರ್ 2025

ವೈಶಾಲಿ,

ನಿನ್ನ ಕಾಗದದಲ್ಲಿ ನನ್ನ ಮೇಲೆ ಬರೆದದ್ದೆಲ್ಲ ನಿಜ. ಎರಡು ದಿನ ಅನ್ನ ಸೇರಲಿಲ್ಲ. ಮೂರನೇ ದಿನ ಎದ್ದು ಎಲ್ಲರನ್ನೂ ಕೂಡಿಸಿ, ಐದುನೂರು ಪೊಟ್ಟಣ ಹೋಯಿತು, ಯಾಕೆ ಹೋಯಿತೆಂದರೆ ಹೀಗೆ ಹೀಗೆ ಎಂದು ಒಂದೂ ಬಿಡದೆ ಹೇಳಿದೆ. ಶರಣವ್ವ ಸೆರಗು ಕೊಡವಿ ಎದ್ದು ನಿಂತು, "ಹೋಗ್ಲಿ ಬಿಡ್ರೀ, ಬಾಯಾಗ ಹಾಕ್ಕೊಂಡ್ರ ಉಗಳೂ ಹಂಗ ಆಗ್ತಿತ್ತು ಆ ರೊಕ್ಕ" ಎಂದಳು. ಆಮೇಲೆ ನನ್ನ ಕಡೆ ತಿರುಗಿ, "ಆದ್ರ ಅಕ್ಕಾರ, ನೀವು ಸೈನ್ ಮಾಡೂಮುಂದ ನಾ ಚಾಷ್ಟಿ ಮಾಡಿದ್ನಿ. ನೀವು ನಕ್ಕಿದ್ರಿ" ಎಂದಳು. ಅದು ನೀನು ಬರೆದದ್ದಕ್ಕಿಂತ ಹೆಚ್ಚು ಚುಚ್ಚಿತು.

ಮೂವರು ಕೂತರೆ ಸಾಕು ಎನ್ನುತ್ತೀಯಲ್ಲ, ಸಾಕಿದ್ದರೆ ಬಾರದವಳನ್ನು ಬಂದಳೆಂದು ಯಾಕೆ ಬರೆದೆ? ಅವಳ ಬಾಯಲ್ಲಿ ಏಳು ಪ್ರಶ್ನೆ ಯಾಕೆ ತುರುಕಿದೆ? ಒಂದು ವರದಿಯಲ್ಲಿ ಇಷ್ಟು ಸುಳ್ಳಿದ್ದರೆ ಉಳಿದದ್ದನ್ನು ನಂಬುವುದು ಹೇಗೆ ಎಂದು ಅವರೇ ಕೇಳಲಿ.

ಇಲ್ಲಿನ ನೋಟರಿಯ ಮುಂದೆ ಕೂತು ಕನ್ನಡದಲ್ಲಿ ಹೇಳಿಕೆ ಬರೆಸಿದ್ದೇನೆ. ನಾನು ಒಂದು ಸಭೆಗೂ ಹೋಗಿಲ್ಲ. ನಿಖತಳನ್ನು ಸೆಪ್ಟೆಂಬರ್ ಹದಿನಾಲ್ಕಕ್ಕೆ ಮೊದಲು ಒಂದು ಮಾತೂ ಕೇಳಿಲ್ಲ. ಓದದೆ ಸಹಿ ಹಾಕಿದ್ದೇನೆ, ಅದು ನನ್ನ ತಪ್ಪು, ಶಿಕ್ಷೆ ಇದ್ದರೆ ಕೊಡಿ. ಒಂದು ಪ್ರತಿ ನಿಖತಳಿಗೆ ಹೋಗಿದೆ. ನಿನಗೂ ಒಂದು ಇಟ್ಟಿದ್ದೇನೆ, ಬೆನ್ನ ಹಿಂದೆ ಮಾಡಿದೆ ಅನ್ನಬೇಡ.

ಸಹಿ ಹಾಕಲು ಯಾರು ಹೇಳಿದರು ಎಂದು ಕೇಳಿದರೆ ನಿನ್ನ ಹೆಸರು ಹೇಳುತ್ತೇನೆ.

ಮಲ್ಲಕ್ಕ

*

ಆಂಟಾಪ್ ಹಿಲ್
29 ಅಕ್ಟೋಬರ್ 2025

ಇದರೊಂದಿಗೆ ಹನ್ನೆರಡು ಹಾಳೆ ಇವೆ. ವಿಚಾರಣೆ ನಡೆಯುವಾಗ ನಾನು ಕೈಯಲ್ಲಿ ಬರೆದುಕೊಂಡದ್ದು. ಪಕ್ಕದವರಿಗೆ ತಿಳಿಯಬಾರದೆಂದು ಕನ್ನಡದಲ್ಲಿ ಬರೆದೆ. ಟೈಪ್ ಆದ ಮೇಲೆ ಹರಿದುಹಾಕಬೇಕಿತ್ತು. "ಶ್ರೆಡ್ ಕರ್ ದಿಯಾ ನಾ?" ಎಂದು ಶೀತಲ ಮೇಡಂ ಕೇಳಿದಾಗ ಹೌದು ಎಂದಿದ್ದೆ.

ಎಂಟನೇ ಹಾಳೆ ನೋಡಿ. ಕಾರಿನ ಡ್ರೈವರ್ ಹಾಶಿಮ ನಮ್ಮ ಕಡೆಯವನು, ಅವನು ಹಿಂದಿಯಲ್ಲಿ ಹೇಳಿದ್ದನ್ನು ನಮ್ಮ ಮಾತಿನಲ್ಲೇ ಬರೆದುಕೊಂಡಿದ್ದೇನೆ. ‘ನೀನು ನೋಡಿದೆಯಾ?’ ಎಂದು ಮೇಡಂ ಕೇಳಿದರು. ಅವನು, "ನಾ ರಸ್ತಾ ನೋಡಾಕತ್ತಿದ್ನಿ ಮ್ಯಾಡಮ್, ಹಿಂದ ಹೆಂಗ ನೋಡ್ಲಿ? ಆದ್ರ ಕೇಳೀನಿ. ಗಾಡಿ ರೋಕೋ ಅಂತ ಆಕಿ ಮೂರ ಸಲ ಒದರಿದ್ಲು. ಸಾಹೇಬ್ರು ಚಲಾವ್ ಅಂದ್ರು. ನಾ ಚಲಾಯಿಸಿದ್ನಿ. ಅದ ನನ್ನ ಗುನ್ಹೆ" ಎಂದ. ಟೈಪ್ ಮಾಡಿದ ವರದಿಯಲ್ಲಿ ‘ಸಾಕ್ಷಿ ಏನನ್ನೂ ನೋಡಿಲ್ಲ’ ಎಂದಷ್ಟೇ ಇದೆ. ಆ ಸಾಲು ನಾನು ಬರೆದದ್ದು. ಅದರಲ್ಲಿ ಒಂದಕ್ಷರವೂ ಸುಳ್ಳಿಲ್ಲ ಎಂದು ಆಗ ಹೆಮ್ಮೆಪಟ್ಟಿದ್ದೆ.

ಹಬ್ಬದ ರಜೆ ಮುಗಿದ ಸೋಮವಾರ ಗೋಡೆಯ ಮೇಲಿನ ಸಮಿತಿಯ ಬೋರ್ಡಿನ ಮುಂದೆ ಹೊಸ ಹುಡುಗಿಯೊಬ್ಬಳು ನಿಂತು ಫೋಟೋ ತೆಗೆಯುತ್ತಿದ್ದಳು. ನಮ್ಮ ನಾಲ್ವರ ಹೆಸರಿನದ್ದು. ನನ್ನನ್ನು ಕಂಡು ಮೊಬೈಲ್ ಮುಚ್ಚಿಕೊಂಡು, "ಲೀವ್ ಫಾರ್ಮ್ ಬೇಕಿತ್ತು ಮ್ಯಾಡಮ್" ಎಂದಳು. ಅವಳಿಗೆ ಬೇಕಿದ್ದದ್ದು ಅದಲ್ಲ ಎಂದು ಗೊತ್ತಿತ್ತು. ನಾನು ಲೀವ್ ಫಾರ್ಮ್ ಕೊಟ್ಟೆ.

ಇವನ್ನು ನಾನು ಕೊಟ್ಟೆ ಎಂದು ಯಾರಿಗೂ ಹೇಳಬೇಡಿ. ಕೇಳಿದರೆ ಅಂಚೆಯಲ್ಲಿ ಬಂತು ಎನ್ನಿ. ಇದಕ್ಕಿಂತ ಹೆಚ್ಚು ನನ್ನಿಂದ ಆಗುವುದಿಲ್ಲ.

*

ಆಂಟಾಪ್ ಹಿಲ್, ದೌಲತಬಿಯ ಮನೆ
5 ನವೆಂಬರ್ 2025

ವೈಶಾಲಿ,

ನಿನ್ನೆ ಬಂದೆ. ನಿನ್ನ ಬಿಲ್ಡಿಂಗು ಈ ಕಿಟಕಿಯಿಂದ ಕಾಣುತ್ತದೆ. ಕೂಗಿದರೆ ಕೇಳುವಷ್ಟು ಹತ್ತಿರ. ಆದರೂ ಕಾಗದ ಬರೆಯುತ್ತಿದ್ದೇನೆ, ಎದುರು ಬಂದರೆ ಬರೀ ಬೈದುಬಿಡುತ್ತೇನೆ.

ಹನ್ನೆರಡು ಹಾಳೆಯನ್ನೂ ಇದೇ ಲಕೋಟೆಯಲ್ಲಿ ತಿರುಗಿ ಕಳಿಸುತ್ತಿದ್ದೇನೆ. ಹೌದು, ತಿರುಗಿ. ಇದರ ಮೇಲೆ ಬರೆದವರ ಹೆಸರಿಲ್ಲ, ತಾರೀಖಿಲ್ಲ. ಯಾರು ಬೇಕಾದರೂ ಮನೆಯಲ್ಲಿ ಕೂತು ಬರೆಯಬಹುದಾದ ಹಾಳೆ, ಇದನ್ನು ಅವರು ಮೂಲೆಗೆ ಎಸೆಯುತ್ತಾರೆ ಎಂದು ನಿಖತಳ ವಕೀಲರು ಹೇಳಿದರು. ಅಂಚೆಯಲ್ಲಿ ಬಂತು ಎನ್ನಲು ನನಗೆ ಬಾಯಿ ಬರುವುದಿಲ್ಲ. ನಿನಗಾಗಿ ಸುಳ್ಳು ಹೇಳಿ ಹೇಳಿ ನನಗೆ ಸಾಕಾಗಿದೆ.

ಹಾಶಿಮ ನಿನ್ನೆ ಸಂಜೆ ಇಲ್ಲಿಗೆ ಬಂದಿದ್ದ. ಬಾಗಿಲ ಹೊರಗೇ ಕೂತ, ಒಳಗೆ ಬಾ ಎಂದರೂ ಬರಲಿಲ್ಲ. "ಒಮ್ಮೆ ಖರೇ ಹೇಳೀನಿ ಅಕ್ಕಾ. ಬರ್ಕೊಂಡ ಮ್ಯಾಡಮ್ಮೇ ಅದನ್ನ ನುಂಗಿಬಿಟ್ರು. ಈಗ ಮತ್ತ ಹೇಳಿದ್ರ ಸುಳ್ಳ ಸೇರಿಸಾಕತ್ತಾನ ಅಂತಾರ. ಆಕಿ ಬಂದು ‘ಹೌದು, ಅವತ್ತ ಹಿಂಗ ಹೇಳಿದ್ದ’ ಅನ್ಲಿ, ನಾ ಆಕಿ ಬಾಜೂಕ ನಿಂತು ಹೇಳ್ತೀನಿ. ಇಲ್ಲಂದ್ರ ನೌಕರಿ ಅಷ್ಟ ಹೋಗೂದು, ಬ್ಯಾರೆ ಏನೂ ಆಗೂದಿಲ್ಲ" ಎಂದ. ದೌಲತಬಿ, "ಗಾಡಿ ನಿಲ್ಲಿಸಿದ್ರ ಇಷ್ಟೆಲ್ಲ ಯಾಕ ಆಗ್ತಿತ್ತು?" ಎಂದು ಒಳಗಿನಿಂದ ಕೂಗಿದಳು. ನಿಖತ ಒಂದು ಲೋಟ ನೀರು ತಂದು ಅವನ ಪಕ್ಕ ಇಟ್ಟು ಹೋದಳು.

ಆ ಹುಡುಗಿ ನನ್ನೊಂದಿಗೆ ಹೆಚ್ಚು ಮಾತಾಡುವುದಿಲ್ಲ. ಹೇಳಿಕೆ ಕೊಟ್ಟಿದ್ದೇನೆಂದು ನನ್ನನ್ನು ತಲೆ ಮೇಲೆ ಹೊತ್ತುಕೊಳ್ಳಬೇಕೇ? ಬೇಕಾಗಿಲ್ಲ. ಆದರೆ ಸೋಮವಾರ ಹತ್ತನೇ ತಾರೀಖು. ನನ್ನ ಹೇಳಿಕೆ ಒಂದೇ ಇದ್ದರೆ ‘ಇಂಗ್ಲಿಷ್ ಓದಲು ಬಾರದ ಮುದುಕಿ, ಮರೆತಿದ್ದಾಳೆ’ ಎಂದು ನಿಮ್ಮವರು ಹೇಳುತ್ತಾರೆ. ಹಾಗೆಂದೇ ಅಲ್ಲವೇ ನೀನು ನನ್ನನ್ನು ಆರಿಸಿದ್ದು? ಆ ಕೋಣೆಯಲ್ಲಿ ಕೂತಿದ್ದವಳು ನೀನು. ಕಿವಿಯಾರೆ ಕೇಳಿದವಳು, ಕೈಯಾರೆ ಬರೆದವಳು ನೀನು. ಹನ್ನೆರಡೂ ಹಾಳೆಗೆ ಸಹಿ ಮಾಡಿ ಕೊಡು. ಕೊಡಲಾಗದಿದ್ದರೆ ಹರಿದುಹಾಕು, ಹರಿದೆ ಎಂದು ಒಂದು ಸಾಲು ಬರೆದು ಕಳಿಸು. ಅದನ್ನೇ ಒಯ್ದು ತೋರಿಸುತ್ತೇನೆ.

ಮಲ್ಲಕ್ಕ

*

ಆಂಟಾಪ್ ಹಿಲ್
9 ನವೆಂಬರ್ 2025, ಭಾನುವಾರ

ಮಲ್ಲಕ್ಕನವರೇ,

ನಾಲ್ಕು ದಿನ ಲಕೋಟೆ ತೆರೆಯಲಿಲ್ಲ. ಅದರ ಮೇಲಿನ ವಿಳಾಸ ನೋಡಿ ಎರಡು ಸಲ ದೌಲತಬಿಯ ಮನೆಯ ಮೆಟ್ಟಿಲವರೆಗೆ ಬಂದು ತಿರುಗಿ ಹೋದೆ. ಎರಡನೇ ಸಲ ನಿಮ್ಮ ದನಿ ಕೇಳಿತು, ಯಾರಿಗೋ ಜೋರಾಗಿ ಏನೋ ಹೇಳುತ್ತಿದ್ದಿರಿ.

ನಿಮ್ಮ ಮೇಲಿನ ಸಿಟ್ಟು ಇಳಿದಿಲ್ಲ. ನಿಮಗೆ ರೊಟ್ಟಿ ಕೇಂದ್ರ ಇದೆ, ಹನ್ನೆರಡು ಹೆಂಗಸರಿದ್ದಾರೆ, ಇಪ್ಪತ್ತು ವರ್ಷ ಆದರೂ ಮನೆಗೆ ಕರೆದುಕೊಳ್ಳುವ ದೌಲತಬಿ ಇದ್ದಾಳೆ. ತಪ್ಪಾಯಿತು ಎಂದು ನೀವು ಒಂದು ಸಲ ಅಂದರೆ ಎಲ್ಲರೂ ಸುತ್ತ ನಿಲ್ಲುತ್ತಾರೆ. ನಾಳೆ ನಾನು ಬಾಯಿ ಬಿಟ್ಟರೆ ಹನ್ನೆರಡು ಗಂಟೆಯ ಹೊತ್ತಿಗೆ ನನ್ನ ಆಫೀಸಿನ ಕಾರ್ಡು ಬಾಗಿಲು ತೆರೆಯುವುದಿಲ್ಲ. ಮತ್ತೆ ಎಚ್.ಆರ್. ಕೆಲಸ ಯಾರೂ ಕೊಡುವುದಿಲ್ಲ. ಅದು ನ್ಯಾಯವೇ ಇರಬಹುದು, ಆದರೆ ನೀವು ಅದನ್ನು ನನಗೆ ಹೇಳಬೇಡಿ.

ಹನ್ನೆರಡು ಹಾಳೆಗೂ ಸಹಿ ಮಾಡಿದ್ದೇನೆ. ಹದಿಮೂರನೆಯದು ನನ್ನ ಹೇಳಿಕೆ. ಮಾಲೀಕರು ಏನೆಂದರು, ಶೀತಲ ಮೇಡಂ ಏನು ಕೇಳಿದರು, ಯಾವ ಸಾಲನ್ನು ಎಲ್ಲಿಂದ ತೆಗೆದೆ, ನಿಮ್ಮ ಬಾಯಲ್ಲಿ ಏನು ಹಾಕಿದೆ, ಎಲ್ಲ ಇದೆ. ಕನ್ನಡದಲ್ಲೂ ಇದೆ, ಇಂಗ್ಲಿಷಿನಲ್ಲೂ ಇದೆ. ಈ ಸಲ ನೀವೇ ಓದಿಕೊಳ್ಳಿ. ಅಂಚೆಯಲ್ಲಿ ಹಾಕುತ್ತಿಲ್ಲ, ನಾಳೆ ನನ್ನ ಕೈಯಲ್ಲೇ ತರುತ್ತೇನೆ. ಈ ಕಾಗದವನ್ನು ಮಾತ್ರ ಈಗ ನಿಮ್ಮ ಬಾಗಿಲಡಿ ತಳ್ಳಿ ಹೋಗುತ್ತೇನೆ.

ಹಾಶಿಮನಿಗೆ ಹೇಳಿ, ಹತ್ತೂವರೆಗೆ ಬಾಂದ್ರಾ ಸ್ಟೇಷನ್ನಿನ ಪೂರ್ವದ ಬಾಗಿಲಲ್ಲಿ ಇರುತ್ತೇನೆ. ನಿಖತ ನನ್ನ ಮುಖ ನೋಡಬೇಕಾಗಿಲ್ಲ. ಪ್ರಾಧಿಕಾರದ ಕಚೇರಿಯವರೆಗೆ ನಾನು ಮುಂದೆ ನಡೆಯುತ್ತೇನೆ, ನೀವೆಲ್ಲ ಹಿಂದೆ ಬನ್ನಿ. ಕರೆದಾಗ ಒಳಗೆ ಹೋಗಿ, ಅವಳು ಆ ಮೂರು ದಿನ ಹೇಳಿದ್ದನ್ನು ಹೇಳಿದ ಹಾಗೇ ಹೇಳುತ್ತೇನೆ. ಒಂದು ಮಾತು ತಪ್ಪಿದರೂ ಅವಳು ನನ್ನನ್ನು ಅಲ್ಲೇ ತಡೆಯಲಿ.

ವೈಶಾಲಿ